ಸಿ ಭಾಷೆಯಲ್ಲಿ ಮಿತಿಪಾಲಕ

ಗಣಕಯಂತ್ರಕ್ಕೆ ಬರುವ ಕೋರಿಕೆಗಳು ಅಪರಿಮಿತವಾಗಬಹುದು. ಅದರ ಶಕ್ತಿಯಾದರೋ ಪರಿಮಿತವಾದುದು. ಒಬ್ಬನೇ ಎಡೆಬಿಡದೆ ಕೇಳುತ್ತಿದ್ದರೆ ಉಳಿದವರ ಸರದಿಯೇ ಬಾರದು. ಇದನ್ನು ತಡೆಯುವ ವ್ಯವಸ್ಥೆಗೆ 'ರೇಟ್ ಲಿಮಿಟರ್' ಎಂದು ಹೆಸರು. ಕನ್ನಡದಲ್ಲಿ 'ಮಿತಿಪಾಲಕ' ಎನ್ನಬಹುದು. 1970ರ ದಶಕದ ಆದಿಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು ರೂಪಿಸಿದ ಸಿ ಭಾಷೆಯಲ್ಲಿ ಇದನ್ನು ರಚಿಸುವ ಬಗೆಯನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

'ಟೋಕನ್ ಬಕೆಟ್' ಎಂಬುದು ಇದಕ್ಕೆ ಪ್ರಸಿದ್ಧವಾದ ವಿಧಾನ. ಒಂದು ಪಾತ್ರೆಯಲ್ಲಿ 10 ಬಿಲ್ಲೆಗಳು ಹಿಡಿಯುತ್ತವೆಯೆಂದೂ, ಸೆಕೆಂಡಿಗೆ 5ರಂತೆ ಬಿಲ್ಲೆಗಳು ಅದರೊಳಗೆ ಬೀಳುತ್ತವೆಯೆಂದೂ ಭಾವಿಸೋಣ. ಪ್ರತಿ ಕೋರಿಕೆಗೂ ಒಂದು ಬಿಲ್ಲೆ ವ್ಯಯ. ಬಿಲ್ಲೆಯಿದ್ದರೆ ಪ್ರವೇಶ, ಇಲ್ಲದಿದ್ದರೆ ನಿರಾಕರಣ. ಪಾತ್ರೆ ತುಂಬಿದ್ದಾಗ ಒಮ್ಮೆಗೇ 10 ಕೋರಿಕೆಗಳು ಬಂದರೂ ಸಲ್ಲುತ್ತವೆ. ದೀರ್ಘಕಾಲದ ಸರಾಸರಿ ಮಾತ್ರ ಸೆಕೆಂಡಿಗೆ 5ರ ಮಿತಿಯಲ್ಲಿಯೇ ನಿಲ್ಲುತ್ತದೆ.

ಬಿಲ್ಲೆ ಹಾಕುವುದಕ್ಕೆ ಪ್ರತ್ಯೇಕ ಗಡಿಯಾರವನ್ನು ಓಡಿಸಬೇಕೇ? ಬೇಕಿಲ್ಲ. ಒಂದು 'ಸ್ಟ್ರಕ್ಟ್'ನಲ್ಲಿ ನಾಲ್ಕು ಅಂಶಗಳಿದ್ದರೆ ಸಾಕು: ಪಾತ್ರೆಯ ಗಾತ್ರ, ತುಂಬುವ ವೇಗ, ಉಳಿದ ಬಿಲ್ಲೆಗಳು, ಹಿಂದೆ ಲೆಕ್ಕಮಾಡಿದ ಕಾಲ. ಕೋರಿಕೆ ಬಂದಾಗ ಈಗಿನ ಕಾಲದಿಂದ ಹಿಂದಿನ ಕಾಲವನ್ನು ಕಳೆದು, ವೇಗದಿಂದ ಗುಣಿಸಿ, ಬಂದುದನ್ನು ಉಳಿಕೆಗೆ ಕೂಡಿಸಬೇಕು. ಮೊತ್ತವು ಗಾತ್ರವನ್ನು ಮೀರಿದರೆ ಗಾತ್ರಕ್ಕೇ ಇಳಿಸಬೇಕು. ಈಗಿನ ಕಾಲವನ್ನು ಬರೆದಿಟ್ಟು, ಉಳಿಕೆಯು ಒಂದಕ್ಕೆ ಕಡಿಮೆಯಿಲ್ಲದಿದ್ದರೆ ಒಂದನ್ನು ಕಳೆದು 1 ಎಂದೂ, ಇಲ್ಲವಾದರೆ 0 ಎಂದೂ ಫಂಕ್ಷನ್ ಉತ್ತರಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಬಿಲ್ಲೆಗಳನ್ನು 'ಇಂಟ್' ಎಂಬ ಪೂರ್ಣಾಂಕದಲ್ಲಿಟ್ಟರೆ ಭಿನ್ನಾಂಶವು ಲೋಪವಾಗುತ್ತದೆ. 0.1 ಸೆಕೆಂಡಿಗೊಮ್ಮೆ ಕೇಳುವವನಿಗೆ ಪ್ರತಿಸಲವೂ ಅರ್ಧ ಬಿಲ್ಲೆ ಸಲ್ಲಬೇಕು. ಪೂರ್ಣಾಂಕದಲ್ಲಿ ಅದು ಸೊನ್ನೆ. ಕಾಲವನ್ನು ಮಾತ್ರ ಮುಂದಕ್ಕೆ ಬರೆದುಬಿಟ್ಟಿರುವುದರಿಂದ, ಪಾತ್ರೆ ಬರಿದಾದ ಮೇಲೆ ಹಾಗೆಯೇ ಕೇಳುತ್ತಿರುವ ತನಕ ಅವನಿಗೆ ಪ್ರವೇಶವೇ ಇಲ್ಲ! ಒಂದು ಮಾತ್ರೆ ಲೋಪವಾದರೆ ಪದ್ಯವು ಕುಂಟಿ ತನ್ನ ದೋಷವನ್ನು ತಾನೇ ಸಾರುತ್ತದೆ. ಈ ಲೋಪವಾದರೋ ಸದ್ದಿಲ್ಲದೆ ಅನ್ಯಾಯವೆಸಗುತ್ತದೆ. ಆದುದರಿಂದ ಉಳಿಕೆಯನ್ನು 'ಡಬಲ್' ಎಂಬ ದಶಾಂಶರೂಪದಲ್ಲಿ ಇಡುವುದು ಯುಕ್ತ.

ಕಾಲವನ್ನು ಅರಿಯುವಲ್ಲಿಯೂ ಎಚ್ಚರ ಬೇಕು. ಸಾಮಾನ್ಯ ಗಡಿಯಾರವನ್ನು ಯಾರಾದರೂ ಹಿಂದಕ್ಕೆ ತಿರುಗಿಸಿದರೆ ಲೆಕ್ಕವು ಋಣವಾಗುತ್ತದೆ. ಯೂನಿಕ್ಸ್ ಬಗೆಯ ವ್ಯವಸ್ಥೆಗಳಲ್ಲಿ ಹಿಂದೆ ಸರಿಯದ 'ಮಾನೊಟಾನಿಕ್' ಗಡಿಯಾರವಿದೆ, ಅದನ್ನೇ ಬಳಸತಕ್ಕದ್ದು. ಹಲವು ಥ್ರೆಡ್‌ಗಳು ಒಂದೇ ಪಾತ್ರೆಗೆ ಕೈಹಾಕುವುದಾದರೆ 'ಮ್ಯೂಟೆಕ್ಸ್' ಎಂಬ ಬೀಗವೂ ಅವಶ್ಯಕ.

ನಿರಾಕರಿಸುವಾಗ ಎಷ್ಟು ಹೊತ್ತು ಕಾಯಬೇಕೆಂದು ತಿಳಿಸುವುದು ಸೌಜನ್ಯ. ಒಂದರಿಂದ ಉಳಿಕೆಯನ್ನು ಕಳೆದು ವೇಗದಿಂದ ಭಾಗಿಸಿದರೆ ಆ ಅವಧಿ ದೊರೆಯುತ್ತದೆ. ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮೊದಲು ಕಾಗದದ ಮೇಲೆ ಮಾಡಿನೋಡಿ, ಅನಂತರ ಯಂತ್ರಕ್ಕೆ ಒಪ್ಪಿಸಲಿ.