ಮನೆ-ಹಿತ್ತಿಲು ಕೂಟ ಕಟ್ಟುವ ಬಗೆ: ಬೋವಿಕಾನದ ಮನೆಗಳಿಗೊಂದು ಪಾಠ

ನಮ್ಮ ಕಡೆಯಲ್ಲಿ ‘ತೋಟ’ವೆಂದರೆ ಅಡಿಕೆ ತೋಟ. ಅದರ ಮಾತೆತ್ತಿದರೆ ಮನೆಯ ಯಜಮಾನರು ಧಾರಣೆಯಿಂದ ಹಿಡಿದು ಕೊಳೆರೋಗದವರೆಗೆ ಒಂದು ತಾಸು ಮಾತನಾಡುವರು. ಹಿತ್ತಿಲಿನ ನಾಲ್ಕು ಸಾಲು ನೆಟ್ಟಿಯ ಮಾತು ಬಂದಾಗ ಮಾತ್ರ “ಅದು ಹೆಂಗಸರ ಕೆಲಸ” ಎಂದು ಎದ್ದು ಹೋಗುವರು. ಆದರೆ ಅಡಿಕೆ ಪೇಟೆಗೆ ಹೋಗುತ್ತದೆ, ಹಿತ್ತಿಲಿನ ಹರಿವೆಯೋ ಮಕ್ಕಳ ಬಟ್ಟಲಿಗೆ ಬರುತ್ತದೆ. ಆದ್ದರಿಂದ ಹಿತ್ತಿಲಿನ ವಿಚಾರವನ್ನು ಹತ್ತು ಮನೆಯವರು ಒಟ್ಟಿಗೆ ಕುಳಿತು ಆಲೋಚಿಸುವುದು ಅವಶ್ಯವಾಗಿದೆ. ಅಂಥ ಕೂಟವೊಂದನ್ನು ಹೇಗೆ ಆರಂಭಿಸಬೇಕು, ಆರಂಭಿಸಿದ್ದನ್ನು ಹೇಗೆ ನಡೆಸಿಕೊಂಡು ಹೋಗಬೇಕು ಎಂಬುದೇ ಈ ವಾರದ ಪಾಠ.

ನಮಗೇ ಏಕೆ ಬೇಕು?

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ಮಾರ್ಗದಲ್ಲಿ ಬೋವಿಕಾನ ಬರುತ್ತದೆ. ಬಸ್ಸಿನಿಂದ ಇಳಿದರೆ ಅಂಗಡಿಯಲ್ಲಿ ತರಕಾರಿ ಸಿಗುತ್ತದೆ. ಅದು ಬಹುಮಟ್ಟಿಗೆ ಘಟ್ಟದಾಚೆಯಿಂದ ಬಂದದ್ದು. ಯಾರು ಬೆಳೆದರು, ಏನು ಸಿಂಪಡಿಸಿದರು, ಕೊಯ್ದು ಎಷ್ಟು ದಿನವಾಯಿತು ಎಂಬುದು ಕೊಳ್ಳುವವರಿಗೆ ತಿಳಿಯದು.

ಬೇರೆ ಊರಿನವರಿಗೆ ಇದು ಸಣ್ಣ ಮಾತಾಗಿರಬಹುದು. ನಮಗೆ ಹಾಗಲ್ಲ. 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಈ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅದರಿಂದ ತೊಂದರೆಗೊಳಗಾದವೆಂದು ಗುರುತಿಸಲಾದ ಹನ್ನೊಂದು ಪಂಚಾಯತುಗಳಲ್ಲಿ ಬೋವಿಕಾನವಿರುವ ಮುಳಿಯಾರು ಒಂದು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷದ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರ ಜನವರಿಯಲ್ಲಿ ಆಜ್ಞಾಪಿಸಿತು. ಎದ್ದು ನಡೆಯಲಾರದ ಮಗನನ್ನೋ ಮಗಳನ್ನೋ ಇಪ್ಪತ್ತು ಮೂವತ್ತು ವರ್ಷ ಸಾಕಿದ ತಾಯಿಗೆ ಆ ಹಣ ಎಷ್ಟರ ಸಮಾಧಾನ ಕೊಡಬಲ್ಲದು? ವಿಷವಿಲ್ಲದ ಅನ್ನದ ಬೆಲೆಯನ್ನು ನಮಗೆ ಬೇರೆಯವರು ಬಂದು ಬೋಧಿಸಬೇಕಾಗಿಲ್ಲ. ಬೇಕಾದುದು ಅದನ್ನು ಬೆಳೆಯುವ ಏರ್ಪಾಡು.

ಬೇರೆಡೆ ಹೇಗೆ ಹುಟ್ಟಿತು?

ಇಂಥ ಕೂಟಗಳ ಚರಿತ್ರೆಯಲ್ಲಿಯೂ ಒಬ್ಬ ತಾಯಿಯ ದುಃಖವಿದೆ. ಕೆನಡಾ ದೇಶದ ಅಡಿಲೇಡ್ ಹೂಡ್ಲೆಸ್ ಎಂಬಾಕೆ 1889ರಲ್ಲಿ ತನ್ನ ಎಳೆಯ ಮಗುವನ್ನು ಕಳೆದುಕೊಂಡಳು. ಕೆಟ್ಟ ಹಾಲು ಕುಡಿದದ್ದೇ ಕಾರಣವೆಂದು ತಿಳಿದ ಆಕೆ, ಮನೆವಾರ್ತೆಯ ಶಾಸ್ತ್ರ ಹೆಂಗಸರಿಗೆ ತಿಳಿದಿರಬೇಕೆಂದು ಊರೂರು ತಿರುಗಿ ಹೇಳಿದಳು. 1897ರ ಫೆಬ್ರವರಿಯಲ್ಲಿ ಸ್ಟೋನಿ ಕ್ರೀಕ್ ಎಂಬ ಹಳ್ಳಿಯಲ್ಲಿ ರೈತರ ಮನೆಯ ಹೆಂಗಸರು ಸೇರಿ ಮೊದಲ ಮಹಿಳಾ ಕೂಟವನ್ನು ಸ್ಥಾಪಿಸಿದರು. 1915ರಲ್ಲಿ ಅದೇ ಮಾದರಿಯ ಕೂಟ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿಯೂ ಆರಂಭವಾಯಿತು.

ನಮ್ಮ ರಾಜ್ಯದಲ್ಲಿ 1998ರಿಂದ ಕುಟುಂಬಶ್ರೀ ಇದೆ. ನೆರೆಕರೆಯ ಹತ್ತರಿಂದ ಇಪ್ಪತ್ತು ಮಂದಿ ಹೆಂಗಸರ ಅಯಲ್‌ಕೂಟ್ಟಗಳು ಎಲ್ಲರಿಗೂ ಪರಿಚಿತ. ಹಾಗಾದರೆ ಇನ್ನೊಂದು ಕೂಟವೇಕೆಂದು ಕೇಳಬಹುದು. ಹಿತ್ತಿಲು ಕೂಟವು ಅದಕ್ಕೆ ಪ್ರತಿಸ್ಪರ್ಧಿಯಲ್ಲ. ಅಲ್ಲಿ ಉಳಿತಾಯ ಮತ್ತು ಸಾಲದ ಮಾತು ಮುಖ್ಯ. ಇಲ್ಲಿ ಮಣ್ಣು, ಬೀಜ, ಅಡುಗೆಯ ಮಾತು. ಅಲ್ಲಿ ಹೆಂಗಸರು ಮಾತ್ರ. ಇಲ್ಲಿ ಅಜ್ಜ, ಮೊಮ್ಮಗ, ಗಲ್ಫಿನಿಂದ ಮರಳಿ ಬಂದ ಭಾವ, ಯಾರೂ ಸೇರಬಹುದು. ಅಯಲ್‌ಕೂಟ್ಟದಲ್ಲಿರುವ ಅಕ್ಕಂದಿರೇ ಮುಂದೆ ಬಂದರೆ ಇನ್ನೂ ಒಳ್ಳೆಯದು. ಕೂಡಿ ಕೆಲಸ ಮಾಡುವ ಅಭ್ಯಾಸ ಅವರಿಗೆ ಆಗಲೇ ಇದೆ.

ಮೊದಲ ಸಭೆ

ನೋಟೀಸು ಅಂಟಿಸಿ ಸಭೆ ಕರೆಯಬೇಡಿ. ಎರಡು ಮೂರು ಮಂದಿ ಸೇರಿ ಮನೆಮನೆಗೆ ಹೋಗಿ ಬಾಯಿಮಾತಿನಲ್ಲಿ ಕರೆಯಿರಿ. ನಡೆದು ಮುಟ್ಟಬಹುದಾದ ಹತ್ತರಿಂದ ಹದಿನೈದು ಮನೆ ಸಾಕು. ಕನ್ನಡ, ತುಳು, ಮಲಯಾಳ, ಮರಾಟಿ ಎಂದು ಮನೆಮಾತು ಬೇರೆಬೇರೆ ಇರುವ ಊರು ನಮ್ಮದು. ಎಲ್ಲರನ್ನೂ ಕರೆಯಬೇಕು. ಜಾಗ ಹೆಚ್ಚಿದ್ದವರ ಮನೆಗೆ ಮೊದಲು, ಮೂರು ಸೆಂಟ್ಸಿನ ಮನೆಗೆ ಆಮೇಲೆ ಹೋದಿರೆಂದರೆ ಕೂಟ ಆಗಲೇ ಎರಡು ಭಾಗವಾಯಿತೆಂದು ತಿಳಿಯಿರಿ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ಒಬ್ಬರ ಮನೆಯ ಅಂಗಳದಲ್ಲಿ ಸಭೆ ಸೇರಲಿ. ಭಾಷಣ ಬೇಡ. ಪ್ರತಿಯೊಬ್ಬರೂ ಮೂರು ಸಂಗತಿ ಹೇಳಲಿ: ಹಿತ್ತಿಲಿನಲ್ಲಿ ಈಗ ಏನಿದೆ, ಏನು ನೆಟ್ಟರೂ ಬರುವುದಿಲ್ಲ, ಯಾವ ಬೀಜವನ್ನು ಇತರರಿಗೆ ಕೊಡಬಲ್ಲರು. ಒಬ್ಬರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ. ಆ ಪುಸ್ತಕವೇ ಕೂಟದ ಮೊದಲ ಆಸ್ತಿ.

ನಿಯಮಗಳು

ನಿಯಮ ಕೆಲವೇ ಇರಲಿ, ಆದರೆ ಬರೆದು ಇಡಿ.

1. ತಿಂಗಳಿಗೊಂದು ಸಭೆ, ಸರದಿಯಂತೆ ಒಂದೊಂದು ಮನೆಯಲ್ಲಿ. ಸತ್ಕಾರಕ್ಕೆ ಚಹಾ ಮಾತ್ರ. ತಿಂಡಿ ಆರಂಭವಾದರೆ ಬಡವರು ಸರದಿ ತಪ್ಪಿಸುವರು.

2. ಸಭೆಯ ಮೊದಲ ಕೆಲಸ ಆ ಮನೆಯ ಹಿತ್ತಿಲನ್ನು ನೋಡುವುದು. ಚೆನ್ನಾಗಿ ಬಂದ ಬೆಳೆಯನ್ನಷ್ಟೇ ಅಲ್ಲ, ಸತ್ತ ಗಿಡವನ್ನೂ ತೋರಿಸಬೇಕು.

3. ತಿಂಗಳ ವಂತಿಗೆ ಎಲ್ಲರಿಗೂ ಒಂದೇ. ಮನೆಗೆ 20 ರೂಪಾಯಿಯಾದರೆ ಹದಿನೈದು ಮನೆಗೆ ತಿಂಗಳಿಗೆ 300, ವರ್ಷಕ್ಕೆ 3,600 ರೂಪಾಯಿ. ಸುಣ್ಣ, ಬೇವಿನೆಣ್ಣೆ, ಕೂಟಕ್ಕೆಲ್ಲ ಒಂದು ಸಿಂಪಡಿಸುವ ಪಂಪು, ಇಷ್ಟಕ್ಕೆ ಅದು ಸಾಲುವುದು. ಲೆಕ್ಕವನ್ನು ಪ್ರತಿ ಸಭೆಯಲ್ಲಿ ಗಟ್ಟಿಯಾಗಿ ಓದತಕ್ಕದ್ದು.

4. ಸದಸ್ಯರ ಹಿತ್ತಿಲಿನಲ್ಲಿ ವಿಷದ ಕೀಟನಾಶಕ ಬಳಸಕೂಡದು. ಅಡಿಕೆಗೆ ಬೋರ್ಡೋ ದ್ರಾವಣ ಬಿಡುವ ದಿನ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳಬೇಕು. ಬಸಳೆಯ ಚಪ್ಪರವನ್ನು ಅಡಿಕೆ ಮರದ ಬುಡದಿಂದ ದೂರ ಹಾಕಬೇಕು.

5. ಕಾರ್ಯದರ್ಶಿ ಮತ್ತು ಖಜಾಂಚಿ ವರ್ಷಕ್ಕೊಮ್ಮೆ ಬದಲಾಗಬೇಕು.

ಮೊದಲ ವರ್ಷ ನೋಂದಣಿಯ ಚಿಂತೆ ಬೇಡ. ಕೂಟ ನಿಂತಿತೆಂದು ಕಂಡಾಗ 1860ರ ಸಂಘಗಳ ನೋಂದಣಿ ಕಾಯಿದೆಯಂತೆ ನೋಂದಾಯಿಸಬಹುದು. ಅದಕ್ಕೆ ಕನಿಷ್ಠ ಏಳು ಮಂದಿ ಬೇಕು.

ಮೊದಲ ಕೆಲಸ: ಒಂದು ಸೆಂಟ್ಸು

ಎಲ್ಲವನ್ನೂ ಒಂದೇ ವರ್ಷದಲ್ಲಿ ಬೆಳೆಯುತ್ತೇವೆಂದು ಹೊರಡಬೇಡಿ. ಆರೋಗ್ಯ ಶಾಸ್ತ್ರಜ್ಞರು ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆನ್ನುವರು. ಐದು ಮಂದಿಯ ಮನೆಗೆ ಅದು ದಿನಕ್ಕೆ 2 ಕಿಲೋ ಆಯಿತು. ಒಂದು ಸೆಂಟ್ಸು ಅಷ್ಟನ್ನು ಕೊಡಲಾರದು. ಆದರೆ ದಿನದ ಸೊಪ್ಪು, ವಾರದಲ್ಲಿ ಎರಡು ಮೂರು ದಿನದ ಪಲ್ಯ ಬಂದರೂ ಮನೆಗೆ ಅದು ದೊಡ್ಡ ಆಸರೆ.

ಒಂದು ಸೆಂಟ್ಸೆಂದರೆ ಸುಮಾರು 40 ಚದರ ಮೀಟರು. ದಾರಿ, ಅಂಚು ಬಿಟ್ಟರೆ ಸಾಲಿಗೆ ಅರ್ಧ, ಅಂದರೆ 20 ಚದರ ಮೀಟರು ಸಿಗುವುದು. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಜೋರು ಮಳೆ ಅದರ ಸತ್ವವನ್ನು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಮೊದಲು ಸುಣ್ಣ ಹಾಕಬೇಕು. ಸೆಂಟ್ಸಿಗೆ 2 ಕಿಲೋದಂತೆ ಈ ಅರ್ಧ ಸೆಂಟ್ಸಿಗೆ 1 ಕಿಲೋ ಸಾಕು. ಎರಡು ವಾರ ಬಿಟ್ಟು 50 ಕಿಲೋ ಹುಡಿಯಾದ ಹಟ್ಟಿಗೊಬ್ಬರ ಸೇರಿಸಿ. ಸುಣ್ಣ ಮತ್ತು ಗೊಬ್ಬರವನ್ನು ಒಂದೇ ದಿನ ಹಾಕಿದರೆ ಗೊಬ್ಬರದ ಸಾರ ಗಾಳಿಗೆ ಹೋಗುವುದು. ಹಟ್ಟಿಯಿಲ್ಲದ ಮನೆಯವರು ಸುಡುಮಣ್ಣು ಮಾಡಿ ಗೊಬ್ಬರದ ಹೊಂಡದ ಕಸದೊಡನೆ ಬೆರೆಸಿ ಹಾಕಬಹುದು.

ನೀರಿನ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ಬೇಸಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರಿನಂತೆ 100 ಲೀಟರು ಬೇಕು. 15 ಲೀಟರಿನ ಕೊಡಪಾನದಲ್ಲಿ ಏಳು ಕೊಡಪಾನ. ಬಾವಿಯಲ್ಲಿ ಅಷ್ಟು ನೀರಿಲ್ಲದಿದ್ದರೆ ಸಾಲನ್ನು ಅರ್ಧಕ್ಕೆ ಇಳಿಸಿ. ಬುಡಕ್ಕೆ ಒಣಸೊಪ್ಪು ಹೊದೆಸಿದರೆ ನೀರು ಬೇಗ ಆರದು. ಬಚ್ಚಲಿನ ನೀರು ಬಾಳೆಗೂ ಕೆಸುವಿಗೂ ಹೋಗಲಿ.

ಯಾವಾಗ ಏನು?

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಗೆ, ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ ಬಿತ್ತಿ. ಮಳೆಗಾಲದಲ್ಲಿ ನೀರು ನಿಲ್ಲದಂತೆ ಏರಿಯನ್ನು ಎತ್ತರ ಮಾಡಿ. ಸಪ್ಟೆಂಬರ್, ಅಕ್ಟೋಬರಿನಲ್ಲಿ ಅಲಸಂಡೆ, ಹರಿವೆ, ಬದನೆ, ಮೆಣಸು. ಮಳೆ ಬಿಟ್ಟ ಮೇಲೆ ಬಸಳೆಯ ಬಳ್ಳಿ ನೆಡಿ. ಡಿಸೆಂಬರಿನ ಹೊತ್ತಿಗೆ ಸೌತೆ, ಕುಂಬಳ, ಚೀನಿಕಾಯಿ. ಕುಂಭ ಮಾಸದಲ್ಲಿ ಸುವರ್ಣಗೆಡ್ಡೆ. ಬೇಲಿಯ ಬದಿಯಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಒಂದು ತೊಂಡೆಯ ಬಳ್ಳಿ ಇದ್ದರೆ ಅವು ವರ್ಷಗಟ್ಟಲೆ ಕೈಹಿಡಿಯುವುವು.

ಕಾಡಂಚಿನ ಮನೆಗಳಿಗೆ ಮಂಗ, ಕಾಡುಹಂದಿಗಳ ಕಾಟವಿದೆ. ಅಲ್ಲಿ ಕೂಟದವರು ಕಾಯಿಗಿಂತ ಸೊಪ್ಪಿಗೆ ಪ್ರಾಶಸ್ತ್ಯ ಕೊಡಲಿ, ಮನೆಯ ಗೋಡೆಗೆ ಹತ್ತಿರ ಬೆಳೆಯಲಿ.

ವಿಷವಿಲ್ಲದೆ ಕೀಟ ನಿಯಂತ್ರಣ

ರಸ ಹೀರುವ ಸಣ್ಣ ಹುಳಗಳಿಗೆ ಬೇವಿನೆಣ್ಣೆ ಮತ್ತು ಬೆಳ್ಳುಳ್ಳಿಯ ಮಿಶ್ರಣ ಉತ್ತಮ. 5 ಗ್ರಾಂ ಬಟ್ಟೆಸೋಪನ್ನು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ, 20 ಮಿಲಿಲೀಟರು ಬೇವಿನೆಣ್ಣೆ ಸೇರಿಸಿ ಚೆನ್ನಾಗಿ ಕಡೆಯಿರಿ. 20 ಗ್ರಾಂ ಬೆಳ್ಳುಳ್ಳಿ ಅರೆದು ಸೋಸಿದ ರಸ ಬೆರೆಸಿ, ಒಟ್ಟು 1 ಲೀಟರಾಗುವಷ್ಟು ನೀರು ಹಾಕಿ. ಅದೇ ದಿನ, ಬಿಸಿಲು ಇಳಿದ ಮೇಲೆ, ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಹುಳ ಕೂತಿರುವುದು ಅಲ್ಲಿಯೇ.

ಹಾಗಲ, ಪಡುವಲಗಳಿಗೆ ನೊಣದ ಬಾಧೆ ಹೆಚ್ಚು. ಹೀಚಿರುವಾಗಲೇ ಕಾಗದದ ತೊಟ್ಟೆ ಕಟ್ಟಿ. ಕೊಳೆತು ಬಿದ್ದ ಕಾಯನ್ನು ಅಲ್ಲಿಯೇ ಬಿಡಬೇಡಿ. ಅದರೊಳಗಿನ ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಒಂದು ಮನೆಯವರು ಮಾತ್ರ ಹೆಕ್ಕಿದರೆ ಪ್ರಯೋಜನವಿಲ್ಲ, ಪಕ್ಕದ ಹಿತ್ತಿಲಿನ ನೊಣ ಹಾರಿ ಬರುವುದು. ಕೂಟದ ಅಗತ್ಯ ಎಲ್ಲಕ್ಕಿಂತ ಚೆನ್ನಾಗಿ ತಿಳಿಯುವುದು ಇಲ್ಲಿ.

ಬೀಜದ ಡಬ್ಬಿ

ಮೊದಲ ವರ್ಷದ ಕೊನೆಗೆ ಕೂಟದಲ್ಲಿ ಒಂದು ಬೀಜದ ಡಬ್ಬಿ ಇರಲೇಬೇಕು. ಬೆಂಡೆ, ಅಲಸಂಡೆಗಳಲ್ಲಿ ರೋಗವಿಲ್ಲದ ಗಿಡವನ್ನು ಆರಿಸಿ, ಕೆಲವು ಕೋಡುಗಳನ್ನು ಕೊಯ್ಯದೆ ಗಿಡದಲ್ಲಿಯೇ ಒಣಗಲು ಬಿಡಿ. ಬೀಜವನ್ನು ನೆರಳಿನಲ್ಲಿ ಆರಿಸಿ, ಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೀಜದ ಹೆಸರು, ಕೊಟ್ಟ ಮನೆ, ತಿಂಗಳು ಬರೆದು ಅಂಟಿಸಿ. ಒಂದು ಹಿಡಿ ಒಯ್ದವರು ಬೆಳೆ ಬಂದಾಗ ಎರಡು ಹಿಡಿ ತಂದಿಡಬೇಕು. ಅಜ್ಜಿಯಂದಿರು ಸೌತೆಯನ್ನು ಅಟ್ಟದ ಕೆಳಗೆ ಸಾಲಾಗಿ ತೂಗುಹಾಕಿ ಮಳೆಗಾಲದವರೆಗೆ ಉಳಿಸುತ್ತಿದ್ದರು. ಆ ಕಟ್ಟು ಕಟ್ಟುವ ಕ್ರಮವನ್ನು ಕೈಯಿಂದ ಕೈಗೆ ಕಲಿಯಬೇಕಲ್ಲದೆ ಬರಹದಲ್ಲಿ ತಿಳಿಸುವುದು ಕಷ್ಟ. ಬಲ್ಲವರು ಇರುವಾಗಲೇ ಒಂದು ಸಭೆಯಲ್ಲಿ ಮಾಡಿ ತೋರಿಸುವಂತೆ ಕೇಳಿಕೊಳ್ಳಿ.

ಸರಕಾರದ ಸಹಾಯ

ಪಂಚಾಯತಿನ ಕೃಷಿಭವನದಲ್ಲಿ ಬೀಜ, ಸಸಿಗಳ ವಿಚಾರ ಕೇಳಿ. ‘ಓಣಕ್ಕೊಂದು ಗೆರಸೆ ತರಕಾರಿ’ ಎಂಬ ಅರ್ಥದ ಮಲಯಾಳ ಹೆಸರಿನ ಯೋಜನೆಯಲ್ಲಿ ಓಣಕ್ಕೆ ಮೊದಲು ಬೀಜ ಹಂಚುವ ಪದ್ಧತಿ ಹಲವು ವರ್ಷಗಳಿಂದ ಬಂದಿದೆ. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಸಲಹೆ ಕೇಳಬಹುದು.

ಮದುವೆಯಾಗಿ ಗಡಿಯಾಚೆಯಿಂದ ಬಂದ ಎಷ್ಟೋ ಸೊಸೆಯಂದಿರಿಗೆ ಮಲಯಾಳ ಓದಲು ಬಾರದು. ಬೀಜದ ಪೊಟ್ಟಣದ ಮೇಲಿನ ಸೂಚನೆ, ಯೋಜನೆಯ ನೋಟೀಸು ಅವರ ಪಾಲಿಗೆ ಇಲ್ಲದಂತೆಯೇ. ಓದಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ಸಭೆಯಲ್ಲಿ ಅದನ್ನು ಕನ್ನಡದಲ್ಲಿ ಹೇಳಲಿ. ಅರ್ಜಿಯನ್ನು ಕನ್ನಡದಲ್ಲಿ ಬರೆಯಲು ಅಂಜಬೇಡಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ನಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಮತ್ತು ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕು ನಮಗಿದೆ. ಹಕ್ಕು ಬಳಸಿದಷ್ಟು ದಿನ ಉಳಿಯುವುದು.

ಕೂಟ ಸೊರಗುವುದು ಹೇಗೆ?

ಕೂಟ ಒಡೆಯುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ: ಲೆಕ್ಕ ಹೇಳದಿರುವುದು, ಒಬ್ಬರೇ ಎಲ್ಲವನ್ನೂ ಮಾಡುವುದು, ಚುನಾವಣೆಯ ಮಾತನ್ನು ಅಂಗಳಕ್ಕೆ ತರುವುದು. ಈಗ ನಾಲ್ಕನೆಯದೂ ಸೇರಿದೆ. ಮೊಬೈಲಿನ ಗುಂಪಿನಲ್ಲಿ ಹೂವಿನ ಚಿತ್ರ ಹಾಕಿದರೆ ಕೂಟ ನಡೆಯಿತೆಂದು ತಿಳಿಯುವುದು. ಸಭೆಯ ದಿನ ನೆನಪಿಸಲು ಮೊಬೈಲು ಸಾಕು. ಆದರೆ ಎಲೆ ಮಗುಚಿ ಹುಳ ನೋಡಲು ಹಿತ್ತಿಲಿಗೇ ಹೋಗಬೇಕು.

ಮನೆಯಲ್ಲಿ ಹಾಸಿಗೆ ಹಿಡಿದ ಮಕ್ಕಳಿರುವ ತಾಯಂದಿರು ಸಭೆಗೆ ಬರಲಾರರು. ಅವರನ್ನು ಪಟ್ಟಿಯಿಂದ ಬಿಡದೆ, ಸಭೆಯನ್ನೇ ಅವರ ಅಂಗಳಕ್ಕೆ ಒಯ್ಯಿರಿ. ಸತ್ಕಾರದ ಚಹಾವನ್ನು ಉಳಿದವರು ಕಾಯಿಸಲಿ, ಒಂದು ಸಾಲು ಹರಿವೆಯನ್ನು ಎಲ್ಲರೂ ಸೇರಿ ಬಿತ್ತಿ ಬರಲಿ. ತಿಂಗಳಿಗೊಮ್ಮೆ ಹತ್ತು ಮಂದಿ ಬಂದು ಮಾತನಾಡಿಸಿ ಹೋದರೆ ಆ ಮನೆಗೆ ತರಕಾರಿಗಿಂತಲೂ ಹೆಚ್ಚಿನದು ಸಿಕ್ಕಂತಾಯಿತು.

ಈ ಪಾಠವನ್ನು ಓದಿ ಮಡಚಿಡಬೇಡಿ. ಬರುವ ಭಾನುವಾರ ಮೂರು ಮನೆಗೆ ಹೋಗಿ ಬನ್ನಿ. ಹೋಗುವಾಗ ಬರಿಗೈಯಲ್ಲಿ ಹೋಗದೆ, ಒಂದಿಷ್ಟು ಬೀಜವನ್ನೋ ಒಂದು ಗೇಣು ಬಸಳೆಯ ಬಳ್ಳಿಯನ್ನೋ ಹಿಡಿದುಕೊಂಡು ಹೋಗಿ.