ಪದವಿ ಕೈಯಲ್ಲಿದೆ, ಈಗ ಡಾಕ್ಟರಾಗಬೇಕೆ? ನಾಲ್ಕು ವರ್ಷದ ದಾರಿಯ ಲೆಕ್ಕಾಚಾರ

ಮೊದಲು ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ: 54. ಇದು ತಿಂಗಳ ಲೆಕ್ಕ. ಯಾಕೆ ಬರೆದಿಟ್ಟುಕೊಳ್ಳಬೇಕು ಎಂದು ಸ್ವಲ್ಪ ಹೊತ್ತಿನಲ್ಲೇ ಹೇಳುತ್ತೇನೆ.

ಬಿ.ಎಸ್ಸಿ., ಬಿ.ಇ. ಅಥವಾ ನರ್ಸಿಂಗ್ ಪದವಿ ಮುಗಿಸಿ, ಕೆಲಸಕ್ಕೆ ಸೇರಿ, ನಾಲ್ಕಾರು ವರ್ಷ ಕಳೆದ ಮೇಲೆ ‘ನಾನು ಡಾಕ್ಟರಾಗಬೇಕಿತ್ತು’ ಎಂಬ ಹಳೆಯ ಆಸೆ ಮತ್ತೆ ಎದ್ದು ಕೂರುವುದುಂಟು. ಅಂಥವರಿಗೆ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಪ್ರತ್ಯೇಕ ಬಾಗಿಲೊಂದಿದೆ. ಆಗಲೇ ಪದವಿ ಪಡೆದವರಿಗೆಂದೇ ಇರುವ ನಾಲ್ಕು ವರ್ಷದ ವೈದ್ಯಕೀಯ ಕೋರ್ಸ್ ಅದು. ಹೆಸರು ಗ್ರಾಜುಯೇಟ್ ಎಂಟ್ರಿ ಮೆಡಿಸಿನ್. ಬ್ರಿಟನ್ನಿನ ವಿದ್ಯಾರ್ಥಿಗಳ ಬಾಯಲ್ಲಿ ಬರೀ ‘ಜೆಮ್’. ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯ 1996ರಲ್ಲೇ ಈ ಬಗೆಯ ಪ್ರವೇಶ ಆರಂಭಿಸಿತು. ಬ್ರಿಟನ್ನಿನಲ್ಲಿ ಇದು ಶುರುವಾದದ್ದು 2000ದಲ್ಲಿ, ಲಂಡನ್ನಿನ ಸೇಂಟ್ ಜಾರ್ಜಸ್‌ನಂಥ ಕಡೆ. ಈ ಲೇಖನ ಮುಖ್ಯವಾಗಿ ಬ್ರಿಟನ್ನಿನ ದಾರಿಯ ಬಗ್ಗೆ.

ಹೆಜ್ಜೆ 1: ಎಲ್ಲಿ ವೈದ್ಯರಾಗುತ್ತೀರಿ ಎಂದು ತೀರ್ಮಾನಿಸಿ

ಈ ಹೆಜ್ಜೆ ತಪ್ಪಿದರೆ ಮುಂದಿನದ್ದೆಲ್ಲ ವ್ಯರ್ಥ. ಕಾಲೇಜಿನ ಪಟ್ಟಿ ನೋಡುವ ಮೊದಲೇ ಇದನ್ನು ಮನೆಯವರೊಂದಿಗೆ ಕುಳಿತು ಮಾತಾಡಿ.

ನಮ್ಮ ಎಂ.ಬಿ.ಬಿ.ಎಸ್.ನಲ್ಲಿ ಓದು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ನಾಲ್ಕೂವರೆ ವರ್ಷವೆಂದರೆ 54 ತಿಂಗಳು. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್ 18ರಂದು ಹೊರಡಿಸಿದ ನಿಯಮಾವಳಿ ವಿದೇಶದ ಪದವಿಗೂ ಇದೇ ಅಳತೆ ಇಟ್ಟಿದೆ: ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು, ಓದಿದ ದೇಶದಲ್ಲಿ ವೈದ್ಯವೃತ್ತಿ ಮಾಡುವ ಅರ್ಹತೆಯೂ ಸಿಕ್ಕಿರಬೇಕು. ಅಷ್ಟಾದ ಮೇಲೆ ಭಾರತದಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಶಿಪ್, ಜೊತೆಗೆ ಅರ್ಹತಾ ಪರೀಕ್ಷೆ. ನಾಲ್ಕು ವರ್ಷದ ಕೋರ್ಸ್ 48 ತಿಂಗಳು. ಆರು ತಿಂಗಳು ಕಡಿಮೆ ಬೀಳುತ್ತದೆ. ಹಾಗಾಗಿ ಈ ಪದವಿಯೊಂದನ್ನೇ ಹಿಡಿದುಕೊಂಡು ಬಂದು ಕರ್ನಾಟಕದಲ್ಲಿ ನೋಂದಣಿ ಪಡೆಯುತ್ತೇನೆಂದರೆ ಈ ನಿಯಮ ಬಿಡುವುದಿಲ್ಲ. ಭಾರತದ ಪ್ರಜೆಯೊಬ್ಬರು ವೈದ್ಯಕೀಯ ಓದಲು ವಿದೇಶಕ್ಕೆ ಹೋಗಿ ಮರಳಿ ಇಲ್ಲಿ ವೃತ್ತಿ ಮಾಡಬೇಕೆಂದರೆ ನೀಟ್ ಅರ್ಹತೆ ಬೇಕೆಂಬ ನಿಯಮ 2018ರಿಂದಲೇ ಇದೆ, ಅದನ್ನೂ ಮರೆಯಬೇಡಿ.

ಸೀಟು ಕೊಡಿಸುತ್ತೇವೆಂದು ಬರುವವರು ನಿಮ್ಮೆದುರು ಕೂತಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ‘ಕೋರ್ಸ್ ಎಷ್ಟು ತಿಂಗಳು?’ ಬಾಯಿಮಾತಿನ ಉತ್ತರ ನಂಬಬೇಡಿ. ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಪಡೆಯಿರಿ, ಆಯೋಗವನ್ನೂ ಲಿಖಿತವಾಗಿಯೇ ಕೇಳಿ.

ಹಾಗಾದರೆ ಈ ದಾರಿ ಯಾರಿಗೆ? ಬ್ರಿಟನ್ನಿನಲ್ಲಿ ನೆಲೆಸಿರುವ, ಅಲ್ಲೇ ಬದುಕು ಕಟ್ಟಿಕೊಳ್ಳುವ ಕನ್ನಡಿಗರಿಗೆ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ದುಡಿದು ಕಾಯಂ ವಾಸದ ಹಕ್ಕು ಪಡೆದವರಿದ್ದಾರೆ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದವರ ಮಕ್ಕಳು ಅಲ್ಲೇ ಪದವಿ ಮುಗಿಸಿದ್ದಾರೆ. ಮದುವೆಯಾಗಿ ಹೋಗಿ, ಇಲ್ಲಿನ ಬಯೋಟೆಕ್ನಾಲಜಿ ಪದವಿಯನ್ನು ಪೆಟ್ಟಿಗೆಯಲ್ಲೇ ಇಟ್ಟ ಹೆಣ್ಣುಮಕ್ಕಳಿದ್ದಾರೆ. ಇವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದ್ದನ್ನು ಬರೆಯುತ್ತಿದ್ದೇನೆ.

ಊರಲ್ಲೇ ಡಾಕ್ಟರಾಗಬೇಕು ಎನ್ನುವವರಿಗೆ ಉತ್ತರ ಬೇರೆ. ಭಾರತದಲ್ಲಿ ಪದವೀಧರರಿಗೆ ಎಂ.ಬಿ.ಬಿ.ಎಸ್.ಗೆ ನಡುವಿನಿಂದ ಸೇರುವ ವ್ಯವಸ್ಥೆ ಇಲ್ಲ. ಹದಿನೆಂಟರ ಮಕ್ಕಳ ಜೊತೆ ಕೂತು ನೀಟ್ ಬರೆಯಲೇಬೇಕು. ಆದರೆ 2022ರಲ್ಲಿ ಗರಿಷ್ಠ ವಯೋಮಿತಿ ತೆಗೆದುಹಾಕಿದ್ದಾರೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರು ಅದನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡರೂ ಆದೀತೆಂದು ಆಯೋಗ 2023ರಲ್ಲಿ ಹೇಳಿದೆ. ಮೂವತ್ತರ ಎಂಜಿನಿಯರ್‌ಗೂ ಆ ಬಾಗಿಲು ತೆರೆದೇ ಇದೆ.

ಹೆಜ್ಜೆ 2: ನಿಮ್ಮ ಪದವಿಗೆ ಹೊಂದುವ ವೈದ್ಯಕೀಯ ಶಾಲೆಗಳನ್ನಷ್ಟೇ ಉಳಿಸಿಕೊಳ್ಳಿ

ವಾರಿಕ್, ಸ್ವಾನ್‌ಸೀ ವಿಶ್ವವಿದ್ಯಾಲಯಗಳು ಯಾವ ವಿಷಯದ ಪದವಿಯನ್ನಾದರೂ ಒಪ್ಪುತ್ತವೆ. ಇತಿಹಾಸ ಓದಿದವರೂ ಅರ್ಜಿ ಹಾಕಬಹುದು. ಆಕ್ಸ್‌ಫರ್ಡ್ ಮಾತ್ರ ಪ್ರಯೋಗಾಧಾರಿತ ವಿಜ್ಞಾನದ ಪದವಿ ಕೇಳುತ್ತದೆ. ಬಹುತೇಕ ಕಡೆ ಬೇಕಾಗುವುದು ಅಲ್ಲಿನವರು ‘ಟೂ ಒನ್’ ಎನ್ನುವ ದರ್ಜೆ, ಅಂದರೆ ಪ್ರಥಮ ದರ್ಜೆಯ ಕೆಳಗಿನ ಮೊದಲ ಮೆಟ್ಟಿಲು. ಭಾರತದ ಪದವಿಯ ಶೇಕಡಾವಾರು ಅಂಕ ಇದಕ್ಕೆ ಸಮವೇ ಎಂದು ನೀವೇ ಊಹಿಸಿಕೊಳ್ಳಬೇಡಿ. ಪ್ರವೇಶ ವಿಭಾಗಕ್ಕೆ ಅಂಕಪಟ್ಟಿ ಕಳಿಸಿ ಕೇಳಿ. ಕೆಲವು ಶಾಲೆಗಳು ಹನ್ನೆರಡನೇ ತರಗತಿಯ ಅಂಕಗಳನ್ನೂ ನೋಡುತ್ತವೆ. ಕೆಲವು ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ ಸೀಟು ಕೊಡುತ್ತವೆ. ಸೇಂಟ್ ಆಂಡ್ರೂಸ್ ಮತ್ತು ಡಂಡೀ ಸೇರಿ 2018ರಲ್ಲಿ ಆರಂಭಿಸಿದ ಸ್ಕಾಟ್‌ಜೆಮ್ ಹಳ್ಳಿಗಾಡಿನ ವೈದ್ಯಸೇವೆಗೆ ಒತ್ತು ಕೊಡುವ ಕೋರ್ಸ್. ಅಂಥ ಕೆಲಸ ಬಯಸುವವರು ಅದನ್ನು ವಿಶೇಷವಾಗಿ ಗಮನಿಸಬೇಕು.

ಹೆಜ್ಜೆ 3: ಯಾವ ಪರೀಕ್ಷೆ?

ಎರಡಿವೆ. ಯುಕ್ಯಾಟ್ ಜುಲೈನಿಂದ ಸೆಪ್ಟೆಂಬರ್ ನಡುವೆ, ಕಂಪ್ಯೂಟರ್ ಮುಂದೆ, ವರ್ಷಕ್ಕೆ ಒಂದೇ ಸಲ. ಇದರಲ್ಲಿ ವಿಜ್ಞಾನದ ಪಾಠ ಕೇಳುವುದಿಲ್ಲ. ಓದಿನ ಗ್ರಹಿಕೆ, ನಿರ್ಣಯ, ಲೆಕ್ಕ ಮತ್ತು ಸಂದರ್ಭಕ್ಕೆ ತಕ್ಕ ನಡವಳಿಕೆಯ ಪ್ರಶ್ನೆಗಳಿರುತ್ತವೆ. ಆಕೃತಿಗಳ ಭಾಗವನ್ನು 2025ರಿಂದ ಕೈಬಿಟ್ಟಿದ್ದಾರೆ, ಹಾಗಾಗಿ ಹಳೆಯ ಪುಸ್ತಕ ಕೊಂಡು ಕಾಲ ಕಳೆಯಬೇಡಿ. ಓದಿನ ಭಾಗದಲ್ಲಿ 22 ನಿಮಿಷಕ್ಕೆ 44 ಪ್ರಶ್ನೆ. ನಮ್ಮಲ್ಲಿ ಪ್ರತಿ ಸಾಲನ್ನೂ ಎರಡೆರಡು ಸಲ ಓದಿ ಮನನ ಮಾಡಿಕೊಳ್ಳುವ ಅಭ್ಯಾಸದವರೇ ಹೆಚ್ಚು. ಇಲ್ಲಿ ಅದೇ ಮುಳುವಾಗುತ್ತದೆ. ಮೊದಲು ಪ್ರಶ್ನೆ ಓದಿ, ಆಮೇಲೆ ಅದರ ಉತ್ತರವಿರುವ ಸಾಲನ್ನಷ್ಟೇ ಹುಡುಕಿ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.

ಗ್ಯಾಮ್‌ಸ್ಯಾಟ್ ಬೇರೆಯೇ ಸ್ವಭಾವದ್ದು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಈ ಪರೀಕ್ಷೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಮಾನವಿಕಗಳ ಗ್ರಹಿಕೆ, ಎರಡು ಪ್ರಬಂಧ, ವಿಜ್ಞಾನ ಎಂದು ಮೂರು ಭಾಗ. ವಿಜ್ಞಾನದ ಭಾಗದಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ತಲಾ ಶೇ. 40, ಉಳಿದ ಶೇ. 20 ಭೌತಶಾಸ್ತ್ರ. ಕಲಾ ಪದವೀಧರರು ಇದಕ್ಕೆ ಆರೇಳು ತಿಂಗಳಾದರೂ ಮೀಸಲಿಡಬೇಕು. ನನ್ನ ಸಲಹೆ ಮಾರ್ಚ್‌ನ ಪರೀಕ್ಷೆ. ಸೆಪ್ಟೆಂಬರ್‌ನಲ್ಲಿ ಬರೆದರೆ ಅರ್ಜಿಯ ಕೊನೆಯ ದಿನ ಕಳೆದ ಮೇಲೆ ಫಲಿತಾಂಶ ಬರುತ್ತದೆ, ಅಂಕ ತಿಳಿಯದೆಯೇ ಶಾಲೆ ಆರಿಸಬೇಕಾಗುತ್ತದೆ.

ಯಾವ ಶಾಲೆಗೆ ಯಾವ ಪರೀಕ್ಷೆ ಎಂಬುದು ಆಗಾಗ ಬದಲಾಗುತ್ತದೆ. ಅರ್ಜಿ ಹಾಕುವ ವರ್ಷದ ಮಾಹಿತಿಯನ್ನೇ ನೋಡಿ.

ಹೆಜ್ಜೆ 4: ರೋಗಿಯ ಪಕ್ಕ ಕೂತ ಅನುಭವ

ದೊಡ್ಡ ಡಾಕ್ಟರ ಹಿಂದೆ ಎರಡು ವಾರ ಓಡಾಡಿದ ಪ್ರಮಾಣಪತ್ರಕ್ಕಿಂತ, ವೃದ್ಧಾಶ್ರಮದಲ್ಲಿ ಅಜ್ಜಿಯೊಬ್ಬರಿಗೆ ಊಟ ಮಾಡಿಸಿದ, ಸ್ನಾನಕ್ಕೆ ಕೈಹಿಡಿದು ಕರೆದೊಯ್ದ ಕೆಲಸ ಹೆಚ್ಚು ತೂಗುತ್ತದೆ. ಕೇರ್ ಹೋಮ್, ಆಸ್ಪತ್ರೆಯ ಸ್ವಯಂಸೇವೆ, ಅಂಗವಿಕಲ ಮಕ್ಕಳ ಶಾಲೆ, ಯಾವುದಾದರೂ ಸರಿ, ವಾರಕ್ಕೆ ಕೆಲವೇ ಗಂಟೆಯಾದರೂ ಸರಿ, ತಿಂಗಳುಗಟ್ಟಲೆ ಮಾಡಿ. ಮನೆಗೆ ಬಂದು ಅಂದಿನದ್ದನ್ನು ನಾಲ್ಕು ಸಾಲು ಬರೆದಿಡಿ: ಏನಾಯಿತು, ನಿಮಗೇನನ್ನಿಸಿತು, ಇನ್ನೊಮ್ಮೆಯಾದರೆ ಹೇಗೆ ಮಾಡುತ್ತೀರಿ. ಸಂದರ್ಶನದಲ್ಲಿ ಕೈಹಿಡಿಯುವುದು ಈ ನೋಟ್‌ಬುಕ್ಕೇ. ಕೆಲವು ಶಾಲೆಗಳು ಗಂಟೆಗಳ ಲೆಕ್ಕವನ್ನೂ, ಸಹಿ ಮಾಡುವವರ ವಿವರವನ್ನೂ ಕೇಳುತ್ತವೆ. ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ. ನರ್ಸ್ ಆಗಿದ್ದವರಿಗೆ ಈ ಹೆಜ್ಜೆ ಆಗಲೇ ಮುಗಿದಿದೆ.

ಹೆಜ್ಜೆ 5: ಅರ್ಜಿ

ಅರ್ಜಿ ಹೋಗುವುದು ಬ್ರಿಟನ್ನಿನ ಕೇಂದ್ರೀಕೃತ ಪ್ರವೇಶ ವ್ಯವಸ್ಥೆಯಾದ ಯುಕಾಸ್ ಮೂಲಕ. ವೈದ್ಯಕೀಯಕ್ಕೆ ಕೊನೆಯ ದಿನ ಅಕ್ಟೋಬರ್ 15, ಉಳಿದ ಬಹುತೇಕ ಕೋರ್ಸ್‌ಗಳಿಗಿಂತ ತಿಂಗಳುಗಳ ಮೊದಲು. ನಾಲ್ಕೇ ವೈದ್ಯಕೀಯ ಆಯ್ಕೆಗಳಿಗೆ ಅವಕಾಶ. ನಾಲ್ಕನ್ನೂ ನಾಲ್ಕು ವರ್ಷದ ಕೋರ್ಸ್‌ಗೇ ಬಳಸಬೇಕೆಂದಿಲ್ಲ. ಪೈಪೋಟಿ ಇಲ್ಲಿ ಬಹಳ ಬಿಗಿ, ಹಣದ ಅನುಕೂಲವಿದ್ದರೆ ಒಂದನ್ನು ಐದು ವರ್ಷದ ಮಾಮೂಲಿ ಕೋರ್ಸ್‌ಗೆ ಇಡುವುದು ಜಾಣತನ. ಈ ವೃತ್ತಿ ಯಾಕೆ ಎಂದು ಉದ್ದಕ್ಕೆ ಬರೆಯುತ್ತಿದ್ದ ಹೇಳಿಕೆಯ ಜಾಗದಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಿವೆ: ಯಾಕೆ ಈ ಕೋರ್ಸ್, ಓದು ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ಓದಿನಾಚೆ ಏನು ಮಾಡಿದ್ದೀರಿ.

ಹೆಜ್ಜೆ 6: ಸಂದರ್ಶನ, ನಮ್ಮವರು ಎಡವುವ ಜಾಗ

ಸಾಮಾನ್ಯವಾಗಿ ಚಿಕ್ಕಚಿಕ್ಕ ನಿಲ್ದಾಣಗಳಂತೆ ಇರುತ್ತದೆ. ಐದೋ ಎಂಟೋ ನಿಮಿಷಕ್ಕೊಮ್ಮೆ ಒಂದು ಮೇಜಿನಿಂದ ಇನ್ನೊಂದಕ್ಕೆ. ಒಂದು ಕಡೆ ನೈತಿಕ ಪ್ರಶ್ನೆ, ಇನ್ನೊಂದು ಕಡೆ ರೋಗಿಯ ಪಾತ್ರ ವಹಿಸಿದ ನಟನ ಜೊತೆ ಮಾತುಕತೆ.

ನಮ್ಮಲ್ಲಿ ತಂದೆಗೆ ಕ್ಯಾನ್ಸರ್ ಎಂದು ಗೊತ್ತಾದರೆ ಡಾಕ್ಟರು ಮೊದಲು ಮಗನನ್ನು ಪಕ್ಕಕ್ಕೆ ಕರೆಯುತ್ತಾರೆ. ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಧೈರ್ಯಗೆಡುತ್ತಾರೆ’ ಎಂದು ಮನೆಯವರೇ ಕೈಮುಗಿಯುತ್ತಾರೆ. ಅದು ಪ್ರೀತಿಯಿಂದ ಹುಟ್ಟಿದ ಮಾತು, ನಾನದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಬ್ರಿಟನ್ನಿನ ವೈದ್ಯನೀತಿಯಲ್ಲಿ ಸುದ್ದಿ ರೋಗಿಯದ್ದು. ಅವರ ಒಪ್ಪಿಗೆಯಿಲ್ಲದೆ ಹೆಂಡತಿಗೂ ಹೇಳುವಂತಿಲ್ಲ. ‘ಮಗನಿಗೆ ಹೇಳುತ್ತೇನೆ’ ಎಂದು ಅಭ್ಯಾಸಬಲದಿಂದ ಬಾಯಿ ಜಾರಿದರೆ ಆ ಮೇಜಿನ ಅಂಕ ಹೋಯಿತು. ಅಲ್ಲಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ವೈದ್ಯರಿಗಾಗಿ ಹೊರತಂದಿರುವ ಮಾರ್ಗದರ್ಶಿಯನ್ನು ಓದಿ, ಒಪ್ಪಿಗೆ ಮತ್ತು ಗೋಪ್ಯತೆಯ ಭಾಗಗಳನ್ನು ಎರಡು ಸಲ ಓದಿ. ಆಮೇಲೆ ಗೆಳೆಯರನ್ನು ರೋಗಿಯಾಗಿ ಕೂರಿಸಿಕೊಂಡು ಗಡಿಯಾರ ಇಟ್ಟು ಅಭ್ಯಾಸ ಮಾಡಿ. ಎದುರಿನವರು ಅಳಲು ಶುರುಮಾಡಿದರೆ ಸಮಾಧಾನದ ಮಾತು ಸುರಿಸಬೇಡಿ. ಸುಮ್ಮನೆ ಜೊತೆಗಿರುವುದನ್ನೂ ಅಭ್ಯಾಸ ಮಾಡಬೇಕಾಗುತ್ತದೆ.

ಹೆಜ್ಜೆ 7: ದುಡ್ಡು

ಸ್ಥಳೀಯರ ಶುಲ್ಕ ಸಿಗಬೇಕಾದರೆ ಸಾಮಾನ್ಯವಾಗಿ ಕಾಯಂ ವಾಸದ ಹಕ್ಕು ಇರಬೇಕು, ಕೋರ್ಸ್ ಶುರುವಾಗುವ ಮೊದಲಿನ ಮೂರು ವರ್ಷ ಅಲ್ಲೇ ವಾಸವಿರಬೇಕು. ಗಂಡನ ಕೆಲಸದ ವೀಸಾದ ಮೇಲೆ ಅವಲಂಬಿತರಾಗಿ ಹೋದವರಿಗೆ ಬರೀ ಅದರಿಂದ ಈ ಹಕ್ಕು ಬರುವುದಿಲ್ಲ. ವಿದೇಶಿ ವಿದ್ಯಾರ್ಥಿಯ ಶುಲ್ಕ ಇದರ ಹಲವು ಪಟ್ಟು. ಕಾಯಂ ವಾಸದ ಹಕ್ಕು ಒಂದೆರಡು ವರ್ಷ ದೂರವಿದ್ದರೆ ಕಾಯುವುದೇ ಲೇಸು. ಆ ಸಮಯ ಪರೀಕ್ಷೆಯ ತಯಾರಿಗೂ ಕೇರ್ ಹೋಮ್ ಕೆಲಸಕ್ಕೂ ಸಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಎರಡನೇ ಪದವಿ ಓದುವವರಿಗೆ ಸಾಮಾನ್ಯವಾಗಿ ಶುಲ್ಕದ ಸಾಲ ಸಿಗುವುದಿಲ್ಲ, ನಾಲ್ಕು ವರ್ಷದ ವೈದ್ಯಕೀಯ ಅದಕ್ಕೆ ಅಪವಾದ. 2025-26ರಲ್ಲಿ ವಾರ್ಷಿಕ ಶುಲ್ಕ ಗರಿಷ್ಠ 9,535 ಪೌಂಡ್ ಇತ್ತು. ಮೊದಲ ವರ್ಷ 3,465 ಪೌಂಡನ್ನು ಸ್ವಂತ ಜೇಬಿನಿಂದ ಕಟ್ಟಬೇಕು, ಉಳಿದದ್ದಕ್ಕೆ ಸಾಲ. ಎರಡನೇ ವರ್ಷದಿಂದ ಒಂದು ಪಾಲನ್ನು ಎನ್‌ಎಚ್‌ಎಸ್ ಭರಿಸುತ್ತದೆ. ಆದರೆ ಅದೇ ಎರಡನೇ ವರ್ಷದಿಂದ ಮನೆಖರ್ಚಿಗೆಂದು ಸಿಗುವ ಸಾಲ ಇಳಿಯುತ್ತದೆ. ಮೊದಲ ವರ್ಷದ ಶುಲ್ಕ ಹೊಂದಿಸಿ ನಿಟ್ಟುಸಿರಿಟ್ಟವರು ಎರಡನೇ ವರ್ಷದ ಬಾಡಿಗೆಗೆ ತಡಕಾಡುವುದು ಇದೇ ಕಾರಣಕ್ಕೆ. ಉಳಿತಾಯವನ್ನು ಎರಡನೇ ವರ್ಷಕ್ಕೆಂದೇ ತೆಗೆದಿಡಿ. ಸ್ಕಾಟ್ಲೆಂಡ್, ವೇಲ್ಸ್‌ಗಳ ನಿಯಮ ಬೇರೆ.

ಹೆಜ್ಜೆ 8: ಒಳಗೆ ಹೋದ ಮೇಲೆ

ಐದು ವರ್ಷದ ಕೋರ್ಸ್‌ಗಿಂತ ಒಂದು ವರ್ಷ ಉಳಿಯುವುದು ಪಾಠ ಬಿಟ್ಟು ಅಲ್ಲ. ಮೂಲ ವೈದ್ಯ ಶಿಕ್ಷಣಕ್ಕೆ ಕನಿಷ್ಠ 5,500 ಗಂಟೆ ಎಂದು ಐರೋಪ್ಯ ನಿಯಮವಿದ್ದ ಕಾಲದಲ್ಲಿ ಈ ಕೋರ್ಸ್‌ಗಳು ರೂಪುಗೊಂಡವು. ರಜೆ ಕತ್ತರಿಸಿ ಗಂಟೆ ತುಂಬಿಸಿದರು. ಅಂಗರಚನೆ, ಶರೀರಕ್ರಿಯೆ, ಔಷಧಶಾಸ್ತ್ರ ಎಲ್ಲವೂ ಮೊದಲ ಒಂದೂವರೆ ಎರಡು ವರ್ಷದೊಳಗೆ ಒತ್ತೊತ್ತಾಗಿ ಬರುತ್ತವೆ. ಹಲವು ಕಡೆ ಎಂಟು ಹತ್ತು ಜನರ ಗುಂಪಿಗೆ ವಾರಕ್ಕೊಂದು ರೋಗಿಯ ಕಥೆ ಕೊಡುತ್ತಾರೆ; ಎದೆನೋವಿನಿಂದ ಬಂದವರೊಬ್ಬರ ಮೂಲಕ ಹೃದಯವನ್ನು ಕಲಿಯಬೇಕು.

ಇಲ್ಲಿ ನೋಟ್ಸ್ ಬರೆದುಕೊಳ್ಳುತ್ತಾ ಕೂತವರು ಹಿಂದೆ ಬೀಳುತ್ತಾರೆ. ಪುಸ್ತಕ ಮುಚ್ಚಿ ತಮ್ಮನ್ನು ತಾವೇ ಪ್ರಶ್ನೆ ಕೇಳಿಕೊಳ್ಳುವುದು, ಅದನ್ನೇ ಮೂರು ದಿನ, ವಾರ, ತಿಂಗಳು ಬಿಟ್ಟು ಮತ್ತೆ ಕೇಳಿಕೊಳ್ಳುವುದು, ಇಷ್ಟು ರೂಢಿಯಾದರೆ ಅರ್ಧ ಗೆದ್ದಂತೆ. ಆಂಕಿಯಂಥ ಕಾರ್ಡ್ ಆ್ಯಪ್ ಇದಕ್ಕೆ ಒದಗುತ್ತದೆ. ಕಲಾ ವಿಭಾಗದವರು ಮೊದಲ ಕೆಲವು ತಿಂಗಳು ಜೀವರಸಾಯನಶಾಸ್ತ್ರದಲ್ಲಿ ತತ್ತರಿಸುವುದು ಸಹಜ. ಸೇರುವ ಹಿಂದಿನ ಬೇಸಿಗೆಯಲ್ಲಿ ಜೀವಕೋಶ, ಪ್ರೋಟೀನು, ಆಮ್ಲ-ಪ್ರತ್ಯಾಮ್ಲಗಳ ಪಿಯುಸಿ ಮಟ್ಟದ ಪಾಠ ಓದಿಕೊಂಡರೆ ಹೊಡೆತ ತಗ್ಗುತ್ತದೆ. ಗುಂಪಿನಲ್ಲಿ ಸಾಮಾನ್ಯವಾಗಿ ಫಾರ್ಮಸಿ ಓದಿದವರೋ ಫಿಸಿಯೋಥೆರಪಿ ಗೊತ್ತಿದ್ದವರೋ ಇರುತ್ತಾರೆ. ಅವರನ್ನು ಕೇಳಿ, ನಿಮಗೆ ಗೊತ್ತಿದ್ದನ್ನು ಅವರಿಗೆ ಕಲಿಸಿ.

ವಾರ್ಡುಗಳ ಓಡಾಟ ಶುರುವಾದರೆ ಊರಾಚೆಯ ಆಸ್ಪತ್ರೆಗೂ ಹಾಕುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಸೇರುವ ಮೊದಲೇ ಆಗಿರಲಿ. ಮಕ್ಕಳಿರುವವರು ಮೊದಲ ದಿನವೇ ಕಾಲೇಜಿಗೆ ತಿಳಿಸಿ. ಹತ್ತಿರದ ಆಸ್ಪತ್ರೆ ಕೇಳಿಕೊಳ್ಳುವ ಅವಕಾಶ ಹಲವೆಡೆ ಇದೆ. ಕೇಳದವರಿಗೆ ತಾನಾಗಿ ಸಿಗುವುದಿಲ್ಲ.

ಹೆಜ್ಜೆ 9: ಸೀಟು ಸಿಕ್ಕ ವಾರ

ಸೀಟು ಸಿಕ್ಕ ಸಂತೋಷದಲ್ಲಿ ಮರೆತುಹೋಗುವ ಎರಡು ಕೆಲಸಗಳಿವೆ. ಮೊದಲನೆಯದು ಪೊಲೀಸ್ ಪರಿಶೀಲನೆ: ಭಾರತದಲ್ಲಿ ವಾಸವಿದ್ದ ಅವಧಿಗೆ ಇಲ್ಲಿನ ಪ್ರಮಾಣಪತ್ರ ಕೇಳಬಹುದು, ಅದಕ್ಕೆ ಸಮಯ ಹಿಡಿಯುತ್ತದೆ. ಎರಡನೆಯದು ಹೆಪಟೈಟಿಸ್ ಬಿ ಲಸಿಕೆ. ಸಾಮಾನ್ಯ ಕ್ರಮದಲ್ಲಿ ಮೂರು ಡೋಸ್‌ಗೆ ಆರು ತಿಂಗಳು ಬೇಕು. ರೋಗಿಯ ರಕ್ತ ಮುಟ್ಟುವ ಮೊದಲು ಅದು ಮುಗಿದಿರಬೇಕು. ಮಾರ್ಚ್‌ನಲ್ಲಿ ಸೀಟು ಸಿಕ್ಕಿದರೆ ಮಾರ್ಚ್‌ನಲ್ಲೇ ಮೊದಲ ಚುಚ್ಚುಮದ್ದು ಹಾಕಿಸಿಕೊಳ್ಳಿ, ಕಾರ್ಡಿನ ಫೋಟೊ ತೆಗೆದು ಮನೆಯವರ ಬಳಿಯೂ ಒಂದು ಪ್ರತಿ ಇಡಿ.