ಐಡ್ಲಿಂಗ್‌ನಲ್ಲಿ ಕಾರು ನಡುಗುತ್ತಿದೆಯೇ? ಮೊದಲು ಪರೀಕ್ಷೆ, ಆಮೇಲೆ ಪಾರ್ಟ್!

ಸಿಗ್ನಲ್‌ನಲ್ಲಿ ನಿಂತರೆ ಕಾರು ಗಡಗಡ ನಡುಗುತ್ತದೆ. ಆರ್‌ಪಿಎಂ ಮುಳ್ಳು 500ಕ್ಕೆ ಬಿದ್ದು 1,000ಕ್ಕೆ ಏರುತ್ತದೆ. ‘ಗಾಡಿ ಮಿಸ್ಸಿಂಗ್ ಆಗ್ತಿದೆ’ ಎಂದು ಮಾಲೀಕರು ಕೀ ಕೊಟ್ಟು ಹೋಗಿದ್ದಾರೆ, ಸೀನಿಯರ್ ಊಟಕ್ಕೆ ಹೋಗಿದ್ದಾರೆ. ಐಟಿಐ ಮುಗಿಸಿ ಗ್ಯಾರೇಜ್ ಸೇರಿದ ನಿಮಗೆ ಇದೇ ಅವಕಾಶ. ಹೆಸರು ಮಾಡಬೇಕೇ? ಪ್ಲಗ್ ಬದಲಿಸಿ ನೋಡೋಣ, ಆಗದಿದ್ದರೆ ಕಾಯಿಲ್ ಬದಲಿಸೋಣ ಎನ್ನುವ ಚಾಳಿಯನ್ನು ಇವತ್ತೇ ಬಿಡಿ. ಮುಂದಿನ ಸೂತ್ರಗಳು ಎಂಪಿಎಫ್‌ಐ ಪೆಟ್ರೋಲ್ ಕಾರುಗಳಿಗೆ.

1. ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳಿ.
ನಡುಕ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ, ಎಂಜಿನ್ ಬಿಸಿಯಾದ ಮೇಲೋ? ಎಸಿ ಹಾಕಿದಾಗ ಮಾತ್ರವೋ? ಉತ್ತರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಪೆಟ್ರೋಲ್ ತುಂಬಿಸಿದ ಕೂಡಲೇ ಕಾಟ ಕೊಡುವುದಾದರೆ, ತೆರೆದೇ ಉಳಿದ ಪರ್ಜ್ ವಾಲ್ವ್ ಮೇಲೆ ಕಣ್ಣಿಡಿ. ಮೊನ್ನೆ ಬ್ಯಾಟರಿ ಬದಲಿಸಿದ್ದರೆ, ಇಸಿಯು ತಾನು ಕಲಿತ ಐಡ್ಲಿಂಗ್ ಲೆಕ್ಕವನ್ನೇ ಮರೆತಿರಬಹುದು.

2. ನಡುಗುತ್ತಿರುವುದು ಎಂಜಿನ್ನೋ, ಬಾಡಿಯೋ ತೀರ್ಮಾನಿಸಿ.
ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಅಲುಗಾಡದೆ ನಿಂತಿದೆ, ಮಿಸ್‌ಫೈರ್ ಎಣಿಕೆ ಸೊನ್ನೆ, ಆದರೂ ಸೀಟು ನಡುಗುತ್ತಿದೆ ಅಂದರೆ ಎಂಜಿನ್ ಮೌಂಟ್ ನೋಡಿ. ಮೂರು ಸಿಲಿಂಡರ್ ಎಂಜಿನ್ ಹುಟ್ಟಿನಿಂದಲೇ ತುಸು ಅದುರುತ್ತದೆ. ಅದೇ ಮಾಡೆಲ್‌ನ ಇನ್ನೊಂದು ಕಾರಿನಲ್ಲಿ ಕೂತು ಹೋಲಿಸಿ. ಇಲ್ಲದ ರೋಗಕ್ಕೆ ಮದ್ದು ಹುಡುಕಬೇಡಿ.

3. ಕೋಡ್ ಓದಿ, ಆದರೆ ಕೋಡ್ ಹೇಳಿದ್ದೇ ಕೊನೆ ಅನ್ನಬೇಡಿ.
ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್‌ಫೈರ್, ಅಷ್ಟೇ. ಯಾಕೆ ಅಂತ ಅದು ಹೇಳುವುದಿಲ್ಲ. ಪಿ0171 ಅಂದರೆ ಮಿಶ್ರಣ ಲೀನ್ ಆಗಿದೆ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ಅದನ್ನು ನೋಡಿದ ತಕ್ಷಣ ಆಕ್ಸಿಜನ್ ಸೆನ್ಸರ್ ಆರ್ಡರ್ ಮಾಡುವವರು ತುಂಬಾ ಜನ. ನಿಜ ತಿಳಿಸಿದ ಸೆನ್ಸರ್‌ಗೇ ಶಿಕ್ಷೆ! ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಟೆಸ್ಟ್ ಡ್ರೈವ್ ಬೇಡ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನು ಸುಡುತ್ತದೆ. ಅದರ ಬೆಲೆ ಕಾಯಿಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು.

4. ಅದಲುಬದಲು ಮಾಡಿ, ಸಾಬೀತುಪಡಿಸಿ.
ಜೆ.ಸಿ. ರಸ್ತೆಯ ಅಂಗಡಿಯಿಂದ ಹೊಸ ಕಾಯಿಲ್ ತರಿಸುವ ಮೊದಲು ಇಗ್ನಿಷನ್ ಆಫ್ ಮಾಡಿ, ಎರಡನೇ ಸಿಲಿಂಡರ್‌ನ ಕಾಯಿಲ್ ಅನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ. ಕೋಡ್ ಅಳಿಸಿ, ಎಂಜಿನ್ ಓಡಿಸಿ. ಈಗ ಪಿ0303 ಬಂತೇ? ತಪ್ಪಿತಸ್ಥ ಕಾಯಿಲ್. ಕೋಡ್ ಎರಡರಲ್ಲೇ ನಿಂತರೆ ಪ್ಲಗ್ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್. ಖರ್ಚಿಲ್ಲ, ವಾದವೂ ಇಲ್ಲ. ಪ್ಲಗ್ ಬಿಚ್ಚಿದಾಗ ಅದರ ತುದಿ ಓದಿ: ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಜಿಡ್ಡು ಇದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಅನುಮಾನ. ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಹೆಡ್‌ನ ಥ್ರೆಡ್ ಹಾಳಾದರೆ ದಿನವೇ ಹಾಳು.

5. ಕದ್ದು ನುಗ್ಗುವ ಗಾಳಿಯನ್ನು ಹಿಡಿಯಿರಿ.
ಒಡೆದ ವ್ಯಾಕ್ಯೂಮ್ ಹೋಸ್, ಸೋರುವ ಇನ್‌ಟೇಕ್ ಗ್ಯಾಸ್ಕೆಟ್, ಕೆಟ್ಟ ಪಿಸಿವಿ ವಾಲ್ವ್ ಐಡ್ಲಿಂಗ್‌ನಲ್ಲಿ ಹೆಚ್ಚು ಕಾಡುತ್ತವೆ. ಆಗ ಎಂಜಿನ್‌ಗೆ ಬೇಕಾದ ಗಾಳಿಯೇ ಕಡಿಮೆ, ಕದ್ದು ಬಂದದ್ದರ ಪಾಲು ದೊಡ್ಡದಾಗುತ್ತದೆ. ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಹೆಚ್ಚು-ಕಡಿಮೆ ಮಾಡುವ ಪ್ರಮಾಣ) ನೋಡಿ. ಐಡ್ಲಿಂಗ್‌ನಲ್ಲಿ +20%, ರೇಸ್ ಕೊಟ್ಟು 2,500 ಆರ್‌ಪಿಎಂಗೆ ತಂದರೆ +5%: ಇದು ಗಾಳಿ ಸೋರಿಕೆಯ ಗುರುತು. ಉಲ್ಟಾ ಆದರೆ, ಅಂದರೆ ರೇಸ್ ಕೊಟ್ಟಾಗ ಟ್ರಿಮ್ ಏರಿದರೆ, ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಕಡೆ ತಿರುಗಿ. ಎಂಎಎಫ್ ಇಲ್ಲದೆ ಎಂಎಪಿ ಸೆನ್ಸರ್ ಮೇಲೆ ನಡೆಯುವ ಕಾರಿನಲ್ಲಿ ಗಾಳಿ ಸೋರಿದರೂ ಟ್ರಿಮ್ ಅಷ್ಟಾಗಿ ಏರದೆ ಆರ್‌ಪಿಎಂ ಎತ್ತರದಲ್ಲೇ ನಿಲ್ಲಬಹುದು. ಇಷ್ಟು ಗೊತ್ತಿದ್ದರೆ ನೀವು ಆಗಲೇ ಬಹಳ ಜನರಿಗಿಂತ ಮುಂದಿದ್ದೀರಿ. ಜಾಗ ಹುಡುಕಲು ಸ್ಮೋಕ್ ಟೆಸ್ಟ್ ಮಾಡಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್, ಕ್ಲೀನರ್ ಎರಚಿ ಪರೀಕ್ಷೆ ಮಾಡುವುದು ಬೇಡವೇ ಬೇಡ, ಬೆಂಕಿ ಹತ್ತುತ್ತದೆ.

6. ಥ್ರಾಟಲ್ ಬಾಡಿ ಒರೆಸಿ, ಒತ್ತಬೇಡಿ.
ಪ್ಲೇಟಿನ ಅಂಚಿಗೆ ಕಾರ್ಬನ್ ಕಟ್ಟಿದರೆ ಐಡ್ಲಿಂಗ್‌ಗೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಎಸಿ ಹಾಕಿದೊಡನೆ ಎಂಜಿನ್ ಸೊರಗುತ್ತದೆ. ಬಟ್ಟೆಗೆ ಥ್ರಾಟಲ್ ಕ್ಲೀನರ್ ಹಾಕಿ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಪ್ಲೇಟನ್ನು ಬೆರಳಿನಿಂದ ಬಲವಂತವಾಗಿ ತಳ್ಳಬೇಡಿ, ಒಳಗಿನ ಗೇರ್ ಮುರಿಯಬಹುದು. ಮುಗಿದ ಮೇಲೆ ಮ್ಯಾನ್ಯುಯಲ್ ಹೇಳಿದಂತೆ ಐಡಲ್ ರೀಲರ್ನ್ ಮಾಡಿ.

7. ಗೇಜ್ ಹಿಡಿಯಲು ಹೆದರಬೇಡಿ.
ಮೇಲಿನ ಯಾವುದರಲ್ಲೂ ದೋಷ ಸಿಗದಿದ್ದರೆ ಪೆಟ್ರೋಲ್ ಪ್ರೆಷರ್, ಆಮೇಲೆ ಕಂಪ್ರೆಷನ್. ಒಂದೇ ಸಿಲಿಂಡರ್ ಉಳಿದವಕ್ಕಿಂತ ತೀರಾ ಕಡಿಮೆ ಇದ್ದರೆ ವಾಲ್ವ್, ರಿಂಗ್, ಹೆಡ್ ಗ್ಯಾಸ್ಕೆಟ್ ಪ್ರಶ್ನೆ. ಅಲ್ಲಿಗೆ ಸೀನಿಯರ್‌ರನ್ನು ಕರೆಯಿರಿ, ಕೈಯಲ್ಲಿ ಅಂಕಿ ಹಿಡಿದು.

8. ‘ಇರಬಹುದು ಸಾರ್’ ಎನ್ನುವುದನ್ನು ನಿಲ್ಲಿಸಿ.
ಅನುಮಾನ ಒಂದು ಅಭ್ಯಾಸ, ಅಳತೆ ಅದಕ್ಕೆ ಔಷಧ. ಕೋಡ್, ಟ್ರಿಮ್, ಪ್ರೆಷರ್ ಎಲ್ಲವನ್ನೂ ಜಾಬ್ ಕಾರ್ಡ್‌ನಲ್ಲಿ ಬರೆಯಿರಿ. ಬರೆದಿಟ್ಟ ಅಂಕಿ ನಿಮ್ಮ ಪರವಾಗಿ ಮಾತಾಡುತ್ತದೆ, ಸಂಬಳ ಹೆಚ್ಚಿಸಿ ಎಂದು ಕೇಳುವ ದಿನವೂ.

9. ಕೀ ಕೊಡುವ ಮೊದಲು ಎಂಜಿನ್ ಮೇಲೆ ಲೋಡ್ ಹಾಕಿ.
ಎಂಜಿನ್ ಪೂರ್ತಿ ಬಿಸಿಯಾಗಲಿ, ರೇಡಿಯೇಟರ್ ಫ್ಯಾನ್ ತಿರುಗಲಿ. ಎಸಿ, ಹೆಡ್‌ಲೈಟ್ ಹಾಕಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ. ಆರ್‌ಪಿಎಂ ಒಂದು ಕ್ಷಣ ಕುಸಿದರೂ ಕೂಡಲೇ ಚೇತರಿಸಿಕೊಂಡರೆ ಗಾಡಿ ರೆಡಿ. ಬಿಚ್ಚಿದ ಹಳೆಯ ಪಾರ್ಟನ್ನು ಕವರ್‌ಗೆ ಹಾಕಿ ಮಾಲೀಕರ ಕೈಗೆ ಕೊಡಿ, ಯಾಕೆ ಬದಲಿಸಿದಿರಿ ಎಂದು ಎರಡು ಮಾತಿನಲ್ಲಿ ಹೇಳಿ. ಅವರು ನಂಬರ್ ಕೇಳಿದರೆ, ಗ್ಯಾರೇಜಿನ ಕಾರ್ಡ್ ಮೇಲೆ ನಿಮ್ಮ ಹೆಸರನ್ನೂ ಬರೆದು ಕೊಡಿ.